ಬಿಯರಿಗೆ ಶುಂಠಿ: ಗೊತ್ತಾಗಲೂಬೇಕು, ಗೊತ್ತಾಗಲೂಬಾರದು

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಸಲೀಸಾಗಲಿ ಅಂತ ಅಲ್ಲಲ್ಲಿ ಮಾತ್ರ ತಿದ್ದಿದ್ದೇವೆ. ಮದ್ಯದ ವಿಷಯ ಇರುವುದರಿಂದ ಈ ಸಂಚಿಕೆ 21 ವರ್ಷ ತುಂಬಿದವರಿಗೆ. ತುಂಬದವರಿಗೂ ಮಾಡಿ ನೋಡಬಹುದಾದ ಒಂದು ಪ್ರಯೋಗ ಕೊನೆಯಲ್ಲಿದೆ.

 

ಇವತ್ತಿನ ವಿಷಯ ಶುರುವಾಗಿದ್ದು ಒಂದು ವಾಟ್ಸ್‌ಆ್ಯಪ್ ಫೋಟೊದಿಂದ. ನನ್ನ ಜೊತೆ ಬನಶಂಕರಿಲಿ ಓದಿದ ಗೆಳೆಯ ಒಬ್ಬ ಈಗ ಅಮೆರಿಕದ ಪೋರ್ಟ್‌ಲ್ಯಾಂಡಲ್ಲಿದ್ದಾನೆ. ಕಾರು ನಿಲ್ಲಿಸೋ ಗ್ಯಾರೇಜಲ್ಲಿ ಬಿಯರ್ ಕುದಿಸ್ತಾನೆ, ಒಂದು ಸಲಕ್ಕೆ 19 ಲೀಟರು. ಅವತ್ತು ಕಳಿಸಿದ ಫೋಟೊದಲ್ಲಿ ಬಂಗಾರದ ಬಣ್ಣದ ಒಂದು ಗ್ಲಾಸು, ಮೇಲೆ ಒಂಚೂರು ನೊರೆ, ಕೆಳಗೆ ಒಂದು ಸಾಲು: ‘ಮಗಾ, ಶುಂಠಿ ಹಾಕಿದ್ದೆ. ಕುಡಿದೋರೆಲ್ಲ ನೆಗಡಿ ಹೋಯ್ತು ಅಂತಿದಾರೆ.’

ಎಷ್ಟು ಹಾಕಿದ್ದೆ ಅಂತ ಕೇಳಿದೆ. 200 ಗ್ರಾಂ. ಅದು ಬಿಯರ್ ಅಲ್ಲ ಕಣೋ, ಕಷಾಯ ಅಂದೆ. ಒಪ್ಕೊಂಡ. ಆಮೇಲೆ ಅವನು ಕೇಳಿದ ಪ್ರಶ್ನೆ ಮಾತ್ರ ಚೆನ್ನಾಗಿತ್ತು. ಶುಂಠಿ ಬಿಯರ್ ಬೇಡ, ಬಿಯರೇ ಬೇಕು. ಕುಡಿದವರಿಗೆ ‘ಇದರಲ್ಲಿ ಏನೋ ಇದೆ’ ಅನ್ನಿಸಬೇಕು, ಏನು ಅಂತ ಮಾತ್ರ ಹೇಳೋಕೆ ಬರಬಾರದು. ಅದಕ್ಕೆ ಶುಂಠಿ ಎಷ್ಟು, ಯಾವಾಗ, ಹೇಗೆ?

ನಾನಿರೋದು ಸುದ್ದಗುಂಟೆಪಾಳ್ಯದಲ್ಲಿ. ಡೈರಿ ಸರ್ಕಲ್ ಕಡೆಯಿಂದ ತಾವರೆಕೆರೆ ಮುಖ್ಯರಸ್ತೆಗೆ ನಡ್ಕೊಂಡು ಬಂದ್ರೆ ಟೀ ಅಂಗಡಿಗಳು ಸಿಗ್ತಾನೇ ಇರ್ತಾವೆ, ಅಲ್ಲೆಲ್ಲ ಶುಂಠಿ ಜಜ್ಜೋ ಟಕ್ ಟಕ್ ಸದ್ದು. ಜೋರು ಶುಂಠಿ ನಮಗೆ ಹೊಸದಲ್ಲ. ಪಕ್ಕದ ಮನೆ ಮಲಯಾಳಿ ಗೆಳೆಯರಂತೂ ಒಣಶುಂಠಿ ಇಲ್ಲದ ಕಷಾಯವೇ ಇಲ್ಲ ಅಂತ ಗಾದೆ ಹೇಳ್ತಾರೆ. ಆದ್ರೆ ಸಣ್ಣ ಶುಂಠಿ ಅನ್ನೋದು ಬೇರೇನೇ ವಿದ್ಯೆ. ಅದೂ ನಮ್ಮ ಅಡುಗೆಮನೆಲಿ ಇದೆ, ನಾವು ಗಮನಿಸಿಲ್ಲ ಅಷ್ಟೆ. ಅಲ್ಲಿಗೆ ಬರ್ತೀನಿ. ಮೊದಲು ನೀವು ಕೇಳೇ ಕೇಳ್ತೀರಿ ಅಂತ ಗೊತ್ತಿರೋ ಪ್ರಶ್ನೆ.

ನಾವಿಲ್ಲಿ ಮಾಡಬಹುದಾ?

ಇಲ್ಲ. ಸುತ್ತಿ ಬಳಸಿ ಹೇಳೋದೇನೂ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಯಾವ ಮದ್ಯವನ್ನೂ ತಯಾರಿಸೋ ಹಾಗಿಲ್ಲ. ಅಷ್ಟೇ ಅಲ್ಲ, ತಯಾರಿಸೋ ಉದ್ದೇಶಕ್ಕೆ ಪಾತ್ರೆ, ಉಪಕರಣ, ಸಾಮಗ್ರಿ ಇಟ್ಕೊಳ್ಳೋದೂ ಅದೇ ಸೆಕ್ಷನ್ನಲ್ಲೇ ಬರುತ್ತೆ. ‘ಮಾರಲ್ಲ ಸಾರ್, ನಾವೇ ಕುಡಿಯೋದು’ ಅನ್ನೋ ಮಾತಿಗೆ ಅಲ್ಲಿ ಜಾಗ ಇಲ್ಲ. ಆನ್‌ಲೈನಲ್ಲಿ ಯೀಸ್ಟ್ ಪ್ಯಾಕೆಟ್ ಸಿಗುತ್ತೆ, ಮಾಲ್ಟ್ ಸಿಗುತ್ತೆ, ರೀಲ್ಸಲ್ಲಿ ಬಕೆಟ್ ಇಟ್ಕೊಂಡು ಮಾಡಿ ತೋರಿಸ್ತಾರೆ. ಅವೆಲ್ಲ ಸಿಗುತ್ತೆ ಅಂದ ಮಾತ್ರಕ್ಕೆ ಬಾಡಿಗೆ ಮನೆ ಬಾಲ್ಕನಿಯಲ್ಲಿ ಬಿಯರ್ ಮಾಡೋದು ಕಾನೂನುಬದ್ಧ ಆಗಲ್ಲ. 2010ರ ಸುಮಾರಿಗೆ ಬೆಂಗಳೂರಲ್ಲಿ ಶುರುವಾದ ಮೈಕ್ರೋಬ್ರೂವರಿಗಳು ತಮ್ಮ ಬಿಯರನ್ನ ತಾವೇ ಕುದಿಸ್ತಾವೆ, ನಿಜ. ಆದ್ರೆ ಅವುಗಳ ಹತ್ರ ಲೈಸೆನ್ಸ್ ಇದೆ.

ಬೇರೆ ಕಡೆ ಹೀಗಿಲ್ಲ. ಬ್ರಿಟನ್ನಲ್ಲಿ 1963ರಲ್ಲೇ ಮನೆಬಳಕೆಯ ಬಿಯರಿಗೆ ಲೈಸೆನ್ಸ್ ಬೇಡ ಅಂತ ಮಾಡಿದ್ರು. ಅಮೆರಿಕದಲ್ಲಿ 1978ರಲ್ಲಿ ಜಿಮ್ಮಿ ಕಾರ್ಟರ್ ಅಧ್ಯಕ್ಷರಾಗಿದ್ದಾಗ ಕೇಂದ್ರ ಕಾನೂನು ಬದಲಾಯ್ತು. ನನ್ನ ಗೆಳೆಯ ಗ್ಯಾರೇಜಲ್ಲಿ ಧೈರ್ಯವಾಗಿ ಕುದಿಸೋದು ಅದರ ಮೇಲೆ.

ನಮ್ಮಲ್ಲಿ ಯಾಕೆ ಇಷ್ಟು ಬಿಗಿ ಅಂತ ಕೇಳಿದ್ರೆ ಒಂದು ಕಾರಣ ತೆರಿಗೆ. ಅದು ಎಲ್ರಿಗೂ ಗೊತ್ತು. ಇನ್ನೊಂದು ನೆನಪು. 1981ರ ಜುಲೈಯಲ್ಲಿ ಇದೇ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ರು. 2008ರ ಮೇ ತಿಂಗಳಲ್ಲಿ ಕರ್ನಾಟಕ, ತಮಿಳುನಾಡು ಗಡಿ ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಜನ. ಅದು ಸಾರಾಯಿ ನಿಷೇಧ ಆಗಿ ಒಂದು ವರ್ಷವೂ ತುಂಬಿರಲಿಲ್ಲ, ನಿಷೇಧ ಜಾರಿಗೆ ಬಂದಿದ್ದು 2007ರ ಜುಲೈ 1ಕ್ಕೆ. ಮನೆಯಲ್ಲಿ ಮದ್ಯ ಅಂದ ಕೂಡಲೇ ಹಿರಿಯರ ಮುಖ ಗಂಟಾಗೋದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಆ ಸಾವುಗಳಿಗೆ ಕಾರಣ ಮೆಥನಾಲ್, ಅಂದ್ರೆ ಕಾರ್ಖಾನೆಗಳಲ್ಲಿ ಬಳಸೋ ವಿಷಕಾರಿ ಸ್ಪಿರಿಟ್. ಅದನ್ನ ಲಾಭಕ್ಕೋಸ್ಕರ ಬೆರೆಸಿದ್ರು. ಬಾರ್ಲಿ ಮಾಲ್ಟು, ನೀರು, ಯೀಸ್ಟ್ ಸೇರಿ ಹುದುಗಿದ್ರೆ ಅಪಾಯ ಆಗೋವಷ್ಟು ಮೆಥನಾಲ್ ತಾನಾಗೇ ಹುಟ್ಟಲ್ಲ. ಹಾಗಾಗಿ ಪೋರ್ಟ್‌ಲ್ಯಾಂಡ್ ಬಿಯರ್ ಕುಡಿದ್ರೆ ಕಣ್ಣು ಹೋಗುತ್ತೆ ಅನ್ನೋ ಭಯ ಬೇಡ. ಹೋಗೋದು ಬೇರೆ ರೀತಿಲಿ, ಬಾಟ್ಲಿ ಸಿಡಿದು. ಅದನ್ನ ಮುಂದೆ ಹೇಳ್ತೀನಿ, ನನ್ನ ಅಡುಗೆಮನೆ ಗೋಡೆಗೂ ಅದಕ್ಕೂ ಸಂಬಂಧ ಇದೆ.

ಪಾನಕದ ಶುಂಠಿ, ಮಜ್ಜಿಗೆ ಶುಂಠಿ

ರಾಮನವಮಿ ದಿನ ಜಯನಗರದಲ್ಲೋ ಬನಶಂಕರಿಯಲ್ಲೋ ರಸ್ತೇಲಿ ಹೋಗ್ತಿದ್ರೆ ಕರೆದು ಕೈಗೆ ಎರಡು ಲೋಟ ಕೊಡ್ತಾರೆ. ಒಂದು ಪಾನಕ, ಒಂದು ನೀರು ಮಜ್ಜಿಗೆ. ಎರಡರಲ್ಲೂ ಶುಂಠಿ ಇದೆ. ಆದ್ರೆ ಎರಡೂ ಒಂದೇ ಶುಂಠಿ ಅಂತ ನಾಲಿಗೆ ಒಪ್ಪುತ್ತಾ? ಮಜ್ಜಿಗೇಲಿರೋದು ಹಸಿ ಶುಂಠಿ. ಉತ್ತರ ಕರ್ನಾಟಕದವರು ಅದನ್ನ ಅಲ್ಲ ಅಂತಾರೆ. ತಾಜಾ, ನಿಂಬೆ ಸಿಪ್ಪೆಯ ಹಾಗೆ, ಮೂಗಿನ ಕಡೆ ಹೋಗುತ್ತೆ. ಪಾನಕದಲ್ಲಿರೋದು ಒಣಶುಂಠಿ ಪುಡಿ. ಅದು ಗಂಟಲಿನ ಕಡೆ ಹೋಗುತ್ತೆ, ಬಿಸಿ ಹಾಗೆ ಕೂತ್ಕೊಳ್ಳುತ್ತೆ.

ಬಿಯರಿಗೆ ಶುಂಠಿ ಹಾಕೋ ವಿದ್ಯೆ ಮುಕ್ಕಾಲು ಪಾಲು ಈ ಎರಡು ಲೋಟದಲ್ಲೇ ಇದೆ.

ಶುಂಠಿಲಿ ಎರಡು ಬೇರೆ ಬೇರೆ ಸರಕು ಇದೆ: ಘಮ, ಖಾರ. ಘಮ ಬರೋದು ಅದರ ಎಣ್ಣೆಯಿಂದ, ಬೇಗ ಹಾರಿಹೋಗೋ ಎಣ್ಣೆ. ಆ ಎಣ್ಣೇಲಿ ಸಿಟ್ರಾಲ್ ಅಂತ ಒಂದಿದೆ. ನಿಂಬೆಹುಲ್ಲಿಗೆ ಆ ವಾಸನೆ ಕೊಡೋದೂ ಇದೇ ಸಿಟ್ರಾಲು. ಖಾರ ಬರೋದು ಜಿಂಜರಾಲ್ ಅನ್ನೋ ವಸ್ತುವಿಂದ. ಇದು ಹಾರಿಹೋಗಲ್ಲ, ವೇಷ ಬದಲಾಯಿಸುತ್ತೆ. ಶುಂಠಿ ಒಣಗಿಸಿದ್ರೆ ಜಿಂಜರಾಲ್ ತನ್ನೊಳಗಿಂದ ಒಂದು ನೀರಿನ ಅಣು ಕಳ್ಕೊಂಡು ಶೋಗಾಲ್ ಆಗುತ್ತೆ. ಇದು ಜಿಂಜರಾಲ್‌ಗಿಂತ ಹೆಚ್ಚು ಖಾರ. ಜಪಾನೀ ಭಾಷೇಲಿ ಶುಂಠಿಗೆ ಶೋಗಾ ಅಂತಾರೆ, ಹೆಸರು ಅಲ್ಲಿಂದ ಬಂದಿದ್ದು. ಚೆನ್ನಾಗಿ ಬೇಯಿಸಿದ್ರೆ ಒಂದು ಪಾಲು ಜಿಂಜೆರೋನ್ ಆಗುತ್ತೆ, ಅದರ ಖಾರ ಕಮ್ಮಿ, ಒಂಥರಾ ಸಿಹಿ ಮಸಾಲೆ ವಾಸನೆ.

ಈ ಖಾರ ನಿಜವಾಗಿ ರುಚಿನೇ ಅಲ್ಲ. ಬಿಸಿ ಪದಾರ್ಥ ತಾಗಿದಾಗ ‘ಬಿಸಿ’ ಅಂತ ಹೇಳೋ ನರದ ಬಾಗಿಲನ್ನೇ ಜಿಂಜರಾಲೂ ತಟ್ಟುತ್ತೆ. ಮೆಣಸಿನಕಾಯಿ ತಟ್ಟೋದೂ ಅದೇ ಬಾಗಿಲು. ಇದರಿಂದ ಎರಡು ವಿಷಯ ಗೊತ್ತಾಗುತ್ತೆ. ಒಂದು, ಖಾರ ತಡವಾಗಿ ಬರುತ್ತೆ, ಗುಟುಕಿಂದ ಗುಟುಕಿಗೆ ಏರುತ್ತೆ. ಮೊದಲನೇ ಗುಟುಕಲ್ಲಿ ಏನೂ ಇಲ್ಲ ಅನ್ನಿಸಿದ ಬಿಯರು ಅರ್ಧ ಗ್ಲಾಸ್ ಹೊತ್ತಿಗೆ ಗಂಟಲು ಕೆರೆಯೋಕೆ ಶುರು ಮಾಡುತ್ತೆ. ನನ್ನ ಗೆಳೆಯ ಎಡವಿದ್ದೂ ಇಲ್ಲೇ: ಒಂದು ಚಮಚ ರುಚಿ ನೋಡಿ ‘ಸಾಲ್ದು’ ಅಂತ ಇನ್ನಷ್ಟು ಸುರಿದಿದ್ದ. ಎರಡು, ತಣ್ಣಗಿದ್ರೆ ಖಾರವೂ ಘಮವೂ ತಗ್ಗುತ್ತೆ, ಗ್ಯಾಸ್ ಇದ್ರೆ ಚುರುಕು ಏರುತ್ತೆ. ಹಾಗಾಗಿ ಬೆಚ್ಚಗಿರೋ, ಗ್ಯಾಸ್ ಇಲ್ಲದ ಬಿಯರನ್ನ ನೆಕ್ಕಿ ತೀರ್ಮಾನ ಮಾಡೋಕೆ ಆಗಲ್ಲ.

ಯಾವಾಗ ಹಾಕೋದು

ಬಿಯರ್ ಹೇಗಾಗುತ್ತೆ ಅಂತ ನಾಲ್ಕೇ ಮಾತಲ್ಲಿ ಹೇಳ್ತೀನಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿನ ಬಿಸಿನೀರಲ್ಲಿ ನೆನೆಸಿ ಸಿಹಿ ನೀರು ಬಸೀತಾರೆ, ಅದಕ್ಕೆ ವರ್ಟ್ ಅಂತ ಹೆಸರು. ಅದನ್ನ ಸುಮಾರು ಒಂದು ಗಂಟೆ ಹಾಪ್ಸ್ ಅನ್ನೋ ಕಹಿ ಹೂವಿನ ಜೊತೆ ಕುದಿಸ್ತಾರೆ. ಆರಿಸಿ ಯೀಸ್ಟ್ ಹಾಕ್ತಾರೆ. ಒಂದೆರಡು ವಾರ ಅದು ಹುದುಗುತ್ತೆ, ಆಮೇಲೆ ಬಾಟ್ಲಿ.

ಈ ದಾರೀಲಿ ಶುಂಠಿ ಹತ್ತೋಕೆ ಮೂರು ಸ್ಟಾಪಿದೆ. ಕುದಿ ಶುರುವಾದಾಗಲೇ ಹಾಕಿದ್ರೆ ಘಮ ಎಲ್ಲ ಹಬೆ ಜೊತೆ ಹೋಗುತ್ತೆ. ಅಡುಗೆಮನೆ ಘಮ್ಮೆನ್ನುತ್ತೆ, ಬಿಯರಲ್ಲಿ ಖಾರ ಮಾತ್ರ ಉಳಿಯುತ್ತೆ. ನಮಗೆ ಬೇಕಾದ್ದು ಇದರ ಉಲ್ಟಾ. ಕುದಿಯ ಕೊನೇ ಐದು ನಿಮಿಷಕ್ಕೋ ಒಲೆ ಆರಿಸಿದ ಮೇಲೋ ಹಾಕಿದ್ರೆ ಎರಡೂ ಸಮವಾಗಿ ಬರುತ್ತೆ. ಮೂರನೇದು ಹುದುಗಿ ಮುಗಿದ ಮೇಲೆ ಹಾಕೋದು. ಆಗ ಘಮ ಅತಿ ಹೆಚ್ಚು, ಯಾಕಂದ್ರೆ ಹುದುಗೋವಾಗ ಏಳೋ ಗುಳ್ಳೆಗಳೂ ಒಂದಿಷ್ಟು ಘಮವನ್ನ ಹೊತ್ಕೊಂಡು ಹೋಗ್ತವೆ. ಅದನ್ನ ತಪ್ಪಿಸಿದ ಹಾಗಾಯ್ತು. ಹೊರದೇಶದಲ್ಲಿ ಮನೇಲಿ ಬಿಯರ್ ಮಾಡೋರು ಶುಂಠಿನ ವೋಡ್ಕಾದಲ್ಲಿ ನೆನೆಸಿ, ಸೋಸಿ, ಆ ರಸವನ್ನ ಕೊನೇಲಿ ಅಳೆದು ಸೇರಿಸ್ತಾರೆ. ಜಿಂಜರಾಲ್ ನೀರಿಗಿಂತ ಆಲ್ಕೋಹಾಲಲ್ಲಿ ಸುಲಭವಾಗಿ ಕರಗುತ್ತೆ, ಶುಂಠಿ ಸಿಪ್ಪೆ ಮೇಲಿರೋ ಮಣ್ಣಿನ ಸೂಕ್ಷ್ಮಜೀವಿಗಳೂ ಅದರಲ್ಲಿ ಉಳಿಯಲ್ಲ.

ಹಸಿ ಶುಂಠಿನ ನೇರವಾಗಿ ತುರಿದು ಬಿಯರಿಗೆ ಸುರಿದ್ರೆ ಏನಾಗುತ್ತೆ? ಇದಕ್ಕೆ ಉತ್ತರ ನಿಮ್ಮ ಟೀ ಪಾತ್ರೇಲಿದೆ. ಹಾಲು ಕಾಯೋಕೆ ಮುಂಚೆ ಹಸಿ ಶುಂಠಿ ಹಾಕಿ ಹಾಲು ಒಡೆದಿದ್ದು ನೆನಪಿದೆಯಾ? ಹಾಲು ಕೆಟ್ಟಿತ್ತು ಅಂತ ಅಂಗಡಿಯವನಿಗೆ ಬೈದಿರ್ತೀರಿ. ಎಷ್ಟೋ ಸಲ ತಪ್ಪು ಶುಂಠಿದು. ಹಸಿ ಶುಂಠಿಲಿ ಪ್ರೋಟೀನ್ ಕತ್ತರಿಸೋ ಒಂದು ಎನ್‌ಜೈಮ್ ಇದೆ. ಚೀನಾದ ದಕ್ಷಿಣದಲ್ಲಿ ಬೇಕಂತಲೇ ಬಿಸಿ ಹಾಲನ್ನ ಶುಂಠಿ ರಸದ ಮೇಲೆ ಸುರಿದು ಗಿಣ್ಣಿನ ಹಾಗೆ ಹೆಪ್ಪುಗಟ್ಟಿಸಿ ತಿಂತಾರೆ, ಅದು ಬೇರೆ ಕಥೆ. ಬಿಯರಿನ ನೊರೆ ನಿಂತಿರೋದೂ ಪ್ರೋಟೀನ್ ಬಲದಿಂದಲೇ. ಕುದಿಸಿದ್ರೆ ಆ ಎನ್‌ಜೈಮ್ ಕೆಲಸ ಮುಗೀತು. ಕುದಿಸದೆ ಹಾಕಿದ್ರೆ ನೊರೆಗೂ ಕತ್ತರಿ ಬೀಳೋ ಸಾಧ್ಯತೆ ಇದೆ. ಗೆಳೆಯನ ಫೋಟೊದಲ್ಲಿ ನೊರೆ ಒಂಚೂರೇ ಇತ್ತು ಅಂದ್ನಲ್ಲ, 200 ಗ್ರಾಮಲ್ಲಿ ಅರ್ಧ ಅವನು ಹಸಿಯಾಗೇ ಕೊನೇಲಿ ಹಾಕಿದ್ದ. ಅದೊಂದೇ ಕಾರಣ ಅಂತ ಹೇಳಲ್ಲ, ತೊಳೆದ ಗ್ಲಾಸಲ್ಲಿ ಸೋಪು ಉಳಿದಿದ್ರೂ ನೊರೆ ಸಾಯುತ್ತೆ.

ಎಷ್ಟು? ಒಂದು ಲೋಟ ಜೋರು ಶುಂಠಿ ಟೀಗೆ, 100 ಮಿಲಿ ಅಂದ್ಕೊಳ್ಳಿ, ನಮ್ಮನೇಲಿ ತೂಕ ಹಾಕಿ ನೋಡಿದ್ರೆ 2 ಗ್ರಾಂ ಹತ್ರ ಬೀಳುತ್ತೆ. ಲೀಟರಿಗೆ 20 ಗ್ರಾಂ. ಗೆಳೆಯ 19 ಲೀಟರಿಗೆ 200 ಹಾಕಿದ್ದ, ಅಂದ್ರೆ ಲೀಟರಿಗೆ ಹತ್ತೂವರೆ. ಟೀಯ ಅರ್ಧ. ಅದರಲ್ಲೂ ಟೀಲಿ ಸಕ್ಕರೆ ಇದೆ, ಹಾಲಿದೆ, ಎರಡೂ ಖಾರವನ್ನ ಮುಚ್ಚುತ್ತೆ. ಬಿಯರಲ್ಲಿ ಸಕ್ಕರೆಯ ದೊಡ್ಡ ಪಾಲನ್ನ ಯೀಸ್ಟ್ ತಿಂದು ಮುಗಿಸಿರುತ್ತೆ, ಖಾರಕ್ಕೆ ಮುಸುಕೇ ಇಲ್ಲ. ‘ಏನೋ ಇದೆ’ ಮಟ್ಟಕ್ಕೆ ಲೀಟರಿಗೆ 1ರಿಂದ ಒಂದೂವರೆ ಗ್ರಾಂ ಹಸಿ ಶುಂಠಿ ಸಾಕು, ಅದೂ ಕುದಿಯ ಕೊನೇಲಿ. 19 ಲೀಟರಿಗೆ 20ರಿಂದ 30 ಗ್ರಾಂ. ಹೆಬ್ಬೆರಳಿನಷ್ಟು ಒಂದು ತುಂಡು. ಗೆಳೆಯ ನಂಬಲೇ ಇಲ್ಲ.

ಶುಂಠಿ ಶುಂಠಿಗೂ ವ್ಯತ್ಯಾಸ ಇದೆ ಅನ್ನೋದೂ ನೆನಪಿರಲಿ. ನಮ್ಮ ಮಡಿವಾಳ ಮಾರ್ಕೆಟ್ಟಲ್ಲಿ ಒಂದೇ ಅಂಗಡೀಲಿ ಎರಡು ಗುಡ್ಡೆ ಇರುತ್ತೆ. ತೆಳು ಸಿಪ್ಪೆಯ, ಉಗುರು ಒತ್ತಿದ್ರೆ ರಸ ಜಿನುಗೋ ಎಳೇ ಶುಂಠಿ ಒಂದು, ಬಲಿತು ನಾರಾದ ಹಳೇದು ಇನ್ನೊಂದು. ಎಳೇದು ಸೌಮ್ಯ, ಹಳೇದು ಖಾರ. ನಮ್ಮ ಮೈಸೂರು, ಹಾಸನ, ಕೊಡಗು, ಶಿವಮೊಗ್ಗ ಕಡೆ ಏಪ್ರಿಲ್, ಮೇನಲ್ಲಿ ನೆಟ್ಟು ವರ್ಷದ ಕೊನೆ ಹೊತ್ತಿಗೆ ಬಲಿತ ಶುಂಠಿ ಕೀಳೋಕೆ ಶುರು ಮಾಡ್ತಾರೆ. ಕೇರಳದಿಂದ ಬಂದು ಗುತ್ತಿಗೆಗೆ ಜಮೀನು ಹಿಡಿದು ಬೆಳೆಯೋರೂ ಇದ್ದಾರೆ. 2023ರಲ್ಲಿ ಬೆಲೆ ಏರಿ ಹೊಲದಿಂದಲೇ ಶುಂಠಿ ಕದಿಯೋ ಸುದ್ದಿ ಬಂದಿದ್ದು ನಿಮಗೂ ನೆನಪಿರಬಹುದು. ಆ ವರ್ಷ ನಮ್ಮ ಬೀದಿ ಟೀಯಲ್ಲೂ ಶುಂಠಿ ‘ಗೊತ್ತಾಗದ ಹಾಗೆ’ ಇತ್ತು, ಕಾರಣ ಬೇರೆ.

ಯಾವ ಬಿಯರಿಗೆ ಹೊಂದುತ್ತೆ ಅಂದ್ರೆ, ಗೋಧಿ ಬಿಯರಿಗೆ. ಬೆಲ್ಜಿಯಂನ ವಿಟ್ ಅನ್ನೋ ಬಿಳಿ ಬಿಯರಿಗೆ ಮೊದಲಿಂದಲೂ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕ್ತಾರೆ. ಹೂಗಾರ್ಡನ್ ಊರಲ್ಲಿ ಆ ಬಿಯರ್ ನಿಂತೇ ಹೋಗಿತ್ತು, 1960ರ ದಶಕದಲ್ಲಿ ಪಿಯರ್ ಸೆಲಿಸ್ ಅನ್ನೋ ಹಾಲು ಮಾರೋ ಮನುಷ್ಯ ಮತ್ತೆ ಶುರು ಮಾಡಿದ. ಅದನ್ನ ಕುಡಿದವರು ‘ಓ ಕೊತ್ತಂಬರಿ’ ಅನ್ನಲ್ಲ. ನಮಗೆ ಬೇಕಾಗಿರೋ ಮಟ್ಟ ಅದೇ. ಕಪ್ಪು ಸ್ಟೌಟಿಗೆ ಹಸಿ ಶುಂಠಿಗಿಂತ ಒಣಶುಂಠಿ ಚೆನ್ನ, ಬೆಲ್ಲದ ಪಾನಕ ನೆನೆಸ್ಕೊಳ್ಳಿ, ಆದ್ರೆ ಪ್ರಮಾಣ ಇನ್ನೂ ಕಡಿಮೆ. ಕಹಿ ಜಾಸ್ತಿ ಇರೋ ಐಪಿಎಗೆ ಬೇಡವೇ ಬೇಡ. ಕಹಿ, ಖಾರ, ಗ್ಯಾಸ್ ಮೂರೂ ಸೇರಿದ್ರೆ ಜಗಳ. ಇದು ನನ್ನ ಅಭಿಪ್ರಾಯ, ಒಪ್ಪದವರು ಮೆಸೇಜ್ ಮಾಡಿ.

ನನ್ನ ಗೋಡೆಯ ಕಲೆ

ಬಿಯರಲ್ಲಿ ಶುಂಠಿ ಬೇರೆ, ಜಿಂಜರ್ ಬಿಯರ್ ಬೇರೆ. ಹಳೇ ಇಂಗ್ಲಿಷ್ ಜಿಂಜರ್ ಬಿಯರಲ್ಲಿ ಬಾರ್ಲಿ ಇಲ್ಲ, ಸಕ್ಕರೆ, ಶುಂಠಿ, ನೀರು ಅಷ್ಟೆ. ಅದನ್ನ ಹುದುಗಿಸೋಕೆ ಸಬ್ಬಕ್ಕಿ ಮುದ್ದೆ ಥರ ಕಾಣೋ ಒಂದು ಗಡ್ಡೆ ಬಳಸ್ತಿದ್ರು, ಜಿಂಜರ್ ಬಿಯರ್ ಪ್ಲಾಂಟ್ ಅಂತ ಹೆಸರು. ಗಿಡ ಅಲ್ಲ ಅದು. 1892ರಲ್ಲಿ ಹ್ಯಾರಿ ಮಾರ್ಷಲ್ ವಾರ್ಡ್ ಅನ್ನೋ ಸಸ್ಯವಿಜ್ಞಾನಿ, ಒಂದು ಯೀಸ್ಟು ಮತ್ತು ಒಂದು ಬ್ಯಾಕ್ಟೀರಿಯಾ ಕೂಡಿ ಬಾಳೋ ಸಂಸಾರ ಅದು ಅಂತ ಬಿಡಿಸಿ ತೋರಿಸಿದ್ರು. ಈಗ ಇನ್‌ಸ್ಟಾಗ್ರಾಂನಲ್ಲಿ ಓಡಾಡೋ ಜಿಂಜರ್ ಬಗ್ ಅದರ ದೂರದ ನೆಂಟ. ಶುಂಠಿ ತುರಿ, ಸಕ್ಕರೆ, ನೀರು ದಿನಾ ಸ್ವಲ್ಪ ಸ್ವಲ್ಪ ಸೇರಿಸ್ತಾ ಹೋದ್ರೆ ಶುಂಠಿ ಸಿಪ್ಪೆ ಮೇಲಿನ ಯೀಸ್ಟೇ ಎದ್ದು ಗುಳ್ಳೆ ಬಿಡುತ್ತೆ. ದೋಸೆ ಹಿಟ್ಟು ಹುದುಗೋ ಹಾಗೇ. ‘ಮನೇಲೇ ನೈಸರ್ಗಿಕ ಸೋಡಾ’ ಅಂತ ಬರೆದಿರ್ತಾರೆ.

ನಾನೂ ಮಾಡಿದೆ. ಲೀಟರಿಗೆ 60 ಗ್ರಾಂ ಸಕ್ಕರೆ, ಒಂದು ಚಂದದ ಗಾಜಿನ ಬಾಟ್ಲಿ, ಬಿಗಿಯಾದ ಮುಚ್ಚಳ. ಎರಡು ದಿನಕ್ಕೆ ಫ್ರಿಜ್ಜಲ್ಲಿಡಬೇಕಿತ್ತು. ಊರಿಗೆ ಹೋಗಿ ಮರೆತೆ. ಏಪ್ರಿಲ್ ತಿಂಗಳು. ವಾಪಸ್ ಬಂದಾಗ ಅಡುಗೆಮನೆ ಗೋಡೆ ಮೇಲೆ ಕಂದು ಕಲೆ, ಗಾಜು ಗ್ಯಾಸ್ ಸ್ಟವ್ ಹಿಂದೆ, ಅಕ್ಕಿ ಡಬ್ಬದ ಮೇಲೆ, ಒಂದು ಚೂರು ಕಿಟಕಿಯ ಸೊಳ್ಳೆ ಪರದೆಗೆ ಚುಚ್ಕೊಂಡಿತ್ತು. ಅದು ನನ್ನ ಮುಖದ ಎತ್ತರದಲ್ಲಿತ್ತು. ಆ ಚೂರನ್ನ ನೋಡ್ತಾ ತುಂಬ ಹೊತ್ತು ನಿಂತಿದ್ದೆ.

ಲೆಕ್ಕ ಮಾಡಿದ್ದು ಆಮೇಲೆ. ಒಂದು ಲೀಟರಲ್ಲಿ 4 ಗ್ರಾಂ ಸಕ್ಕರೆ ಹುದುಗಿದ್ರೆ ಸುಮಾರು ಒಂದು ಲೀಟರ್ ಗ್ಯಾಸ್ ಹುಟ್ಟುತ್ತೆ. ಮಾಮೂಲಿ ಬಿಯರಲ್ಲಿ ಇರೋದು ಒಂದು ಲೀಟರಿಗೆ ಎರಡೂವರೆ ಲೀಟರ್ ಗ್ಯಾಸು. ನನ್ನ 60 ಗ್ರಾಂ ಪೂರ್ತಿ ಹುದುಗಿದ್ರೆ 15 ಲೀಟರ್. ಯಾವ ಗಾಜು ತಡೆಯುತ್ತೆ? ಇನ್ನೊಂದು ಲೆಕ್ಕ ಅದಕ್ಕಿಂತ ಮುಜುಗರದ್ದು. ಅಷ್ಟೂ ಸಕ್ಕರೆ ಹುದುಗಿದ್ರೆ ಆಲ್ಕೋಹಾಲ್ ಶೇಕಡ 4ರ ಹತ್ರ ಬರುತ್ತೆ. ಮಾಮೂಲಿ ಬಿಯರಿನ ಪಕ್ಕದಲ್ಲೇ. ‘ನೈಸರ್ಗಿಕ ಸೋಡಾ’ ಅಂತ ಚಿಕ್ಕ ಮಕ್ಕಳಿಗೆ ಕೊಡೋರಿದ್ದಾರೆ, ಗಾಡಿ ಓಡಿಸೋಕೆ ಮುಂಚೆ ಕುಡಿಯೋರಿದ್ದಾರೆ. ಎರಡೇ ದಿನಕ್ಕೆ ಫ್ರಿಜ್ಜಿಗೆ ಇಟ್ರೆ ಆಲ್ಕೋಹಾಲ್ ತುಂಬ ಕಮ್ಮಿ ಇರುತ್ತೆ, ಆದ್ರೆ ಸೊನ್ನೆ ಅಲ್ಲ. ಬೆಂಗಳೂರು ಬೇಸಿಗೇಲಿ ಎಷ್ಟು ಓಡಿದೆ ಅಂತ ಕಣ್ಣಿಂದ ನೋಡಿ ಹೇಳೋಕೂ ಬರಲ್ಲ. ಕಾನೂನಿನ ಪ್ರಶ್ನೆ ಕೂಡ ಅಲ್ಲೇ ತಲೆ ಎತ್ತುತ್ತೆ, ಬಾಟ್ಲಿ ಮೇಲೆ ನೀವು ಏನು ಹೆಸರು ಬರೆದಿದ್ರೂ ಅಷ್ಟೆ. ಬಿಗಿ ಮುಚ್ಚಳದ ಗಾಜಿನ ಬಾಟ್ಲಿ ಈಗಲೇ ನಿಮ್ಮ ಕಪಾಟಲ್ಲಿದ್ರೆ ಸಂಚಿಕೆ ಪಾಸ್ ಮಾಡಿ. ಬರೀ ಕೈಯಲ್ಲಿ, ಮುಖ ಹತ್ರ ಇಟ್ಕೊಂಡು ತೆಗೀಬೇಡಿ. ದಪ್ಪ ಟವೆಲ್ ಸುತ್ತಿ, ಕನ್ನಡಕ ಹಾಕ್ಕೊಂಡು, ಫ್ರಿಜ್ಜಲ್ಲಿ ಚೆನ್ನಾಗಿ ತಣ್ಣಗಾಗಿಸಿ, ಸಿಂಕಿನ ಮೇಲೆ ನಿಧಾನಕ್ಕೆ ಗ್ಯಾಸ್ ಬಿಡಿ.

ಗ್ಲಾಸಲ್ಲೇ ಪ್ರಯೋಗ

ಹಾಗಾದ್ರೆ ಸುದ್ದಗುಂಟೆಪಾಳ್ಯದಲ್ಲಿ ಕೂತು ಪೋರ್ಟ್‌ಲ್ಯಾಂಡ್ ಪ್ರಶ್ನೆಗೆ ಉತ್ತರ ಹುಡುಕೋದು ಹೇಗೆ? ಬಿಯರ್ ಮಾಡೋದೇ ಬೇಡ. ಅಂಗಡೀಲಿ ಕೊಂಡ ಗೋಧಿ ಬಿಯರಿಗೆ ಗ್ಲಾಸಲ್ಲೇ ಶುಂಠಿ ಸೇರಿಸಿ ನೋಡಬಹುದು, ಸೋಡಾಗೆ ನಿಂಬೆ ಹಿಂಡಿದ ಹಾಗೆ. 21 ತುಂಬದವರು, ಕುಡಿಯದವರು ಆಲ್ಕೋಹಾಲ್ ಇಲ್ಲದ ಬಿಯರಲ್ಲೋ ಬರೀ ಸೋಡಾದಲ್ಲೋ ಇದನ್ನೇ ಮಾಡಿ, ಪಾಠ ಅದೇ.

10 ಗ್ರಾಂ ಹಸಿ ಶುಂಠಿ ಸಿಪ್ಪೆ ಕೆರೆದು ತುರೀರಿ. 50 ಮಿಲಿ ಕುದಿಯೋ ನೀರು ಸುರಿದು ತಟ್ಟೆ ಮುಚ್ಚಿ. ಮುಚ್ಚದಿದ್ರೆ ಘಮ ಹೋಯ್ತು. ಹತ್ತು ನಿಮಿಷ ಬಿಟ್ಟು ಟೀ ಸೋಸೋದ್ರಲ್ಲಿ ಸೋಸಿ ಫ್ರಿಜ್ಜಲ್ಲಿಡಿ. ಇದು ಕುದಿಯ ಕೊನೇಲಿ ಹಾಕಿದ್ದಕ್ಕೆ ಹತ್ತಿರದ ರುಚಿ. ಈ ಕಷಾಯದ 1 ಮಿಲಿ ಅಂದ್ರೆ 0.2 ಗ್ರಾಂ ಶುಂಠಿ. ಮೆಡಿಕಲ್ ಶಾಪಲ್ಲಿ ಸೂಜಿ ಇಲ್ಲದ 1 ಮಿಲಿ ಸಿರಿಂಜ್ ಸಿಗುತ್ತೆ, ತಗೊಳ್ಳಿ. ಒಂದು 650 ಮಿಲಿ ಬಾಟ್ಲಿಲಿ 100 ಮಿಲಿಯ ಆರು ಗ್ಲಾಸು ಆಗುತ್ತೆ. 100 ಮಿಲಿಗೆ ಅರ್ಧ ಮಿಲಿ ಕಷಾಯ ಹಾಕಿದ್ರೆ ಲೀಟರಿಗೆ 1 ಗ್ರಾಂ ಆಯ್ತು. ಕಾಲು ಮಿಲಿ ಹಾಕಿದ್ರೆ ಅರ್ಧ ಗ್ರಾಂ. 1 ಮಿಲಿ ಹಾಕಿದ್ರೆ 2 ಗ್ರಾಂ. 5 ಮಿಲಿ ಹಾಕಿದ್ರೆ ನನ್ನ ಗೆಳೆಯನ ಬಿಯರು.

ರುಚಿ ನೋಡೋರಿಗೆ ಹೇಳಬೇಡಿ. ಮೂರು ಗ್ಲಾಸ್ ಕೊಡಿ, ಎರಡರಲ್ಲಿ ಒಂದೇ ಥರ, ಒಂದರಲ್ಲಿ ಬೇರೆ. ಬೇರೇದು ಯಾವುದು ಅಂತ ಕೇಳಿ. ಬ್ರೂವರಿಗಳಲ್ಲೂ ಇದೇ ಪರೀಕ್ಷೆ ಮಾಡ್ತಾರೆ. ಸುಮ್ನೆ ಊಹಿಸಿದ್ರೂ ಮೂರಕ್ಕೊಂದು ಸಲ ಸರಿ ಆಗುತ್ತೆ, ಹಾಗಾಗಿ ಒಬ್ಬರು ಒಂದು ಸಲ ಸರಿ ಹೇಳಿದ್ರೆ ನಂಬಬೇಡಿ. ಒಂದು ಗುಟುಕಲ್ಲಿ ತೀರ್ಪು ಬೇಡ, ಗ್ಲಾಸ್ ಮುಗಿಯೋ ಹೊತ್ತಿಗೆ ಕೇಳಿ, ಖಾರ ಏರೋಕೆ ಹೊತ್ತು ಬೇಕು ಅಂದ್ನಲ್ಲ.

ನಮ್ಮನೇಲಿ ನಾಲ್ಕು ಜನ ಕೂತ್ವಿ. ಕಾಲು ಮಿಲಿ ಗ್ಲಾಸು ಯಾರಿಗೂ ಗೊತ್ತಾಗಲಿಲ್ಲ. 1 ಮಿಲಿಗೆ ಎಲ್ರೂ ಒಟ್ಟಿಗೆ ‘ಶುಂಠಿ’ ಅಂದ್ರು, ಆಟ ಮುಗೀತು. ಅರ್ಧ ಮಿಲಿಯದು ಮಾತ್ರ ಮಜಾ. ಮೂವರು ಬೇರೇದನ್ನ ಸರಿಯಾಗಿ ಹಿಡಿದ್ರು, ಆದ್ರೆ ಒಬ್ಬರೂ ಹೆಸರು ಹೇಳಲಿಲ್ಲ. ಒಬ್ಬ ನಿಂಬೆ ಸಿಪ್ಪೆ ಅಂದ, ಒಬ್ಳು ‘ಇದು ಇನ್ನೊಂಚೂರು ತಣ್ಣಗಿದೆ’ ಅಂದ್ಳು, ಇನ್ನೊಬ್ಬ ಬ್ರಾಂಡೇ ಬೇರೆ ಅಂತ ಜಗಳಕ್ಕೆ ನಿಂತ.

ಅವತ್ತೇ ರಾತ್ರಿ ಪೋರ್ಟ್‌ಲ್ಯಾಂಡಿಗೆ ಮೆಸೇಜ್ ಹಾಕಿದೆ: 20 ಗ್ರಾಂ, ಒಲೆ ಆರಿಸಿದ ಮೇಲೆ, ಹತ್ತು ನಿಮಿಷ, ತೆಗೆದುಬಿಡು. ಅವನು ಮಾಡಿದ. ಐದು ವಾರ ಆದ್ಮೇಲೆ ಉತ್ತರ ಬಂತು. ಬನಶಂಕರಿಯಿಂದ ಅವರಮ್ಮ ಹೋಗಿದ್ರಂತೆ. ಅವರು ಕುಡಿಯಲ್ಲ. ಮಗ ಬಾಟ್ಲಿ ತೆಗೆದು ಸುರೀವಾಗ ಗ್ಲಾಸ್ ಹತ್ರ ಬಗ್ಗಿ ಒಂದು ಸಲ ಮೂಸಿ ನೋಡಿ ಕೇಳಿದ್ರಂತೆ, ‘ಇದಕ್ಕೆ ನಿಂಬೆಹುಲ್ಲು ಹಾಕಿದ್ಯೇನೋ?’